ಬೇಸಿಗೆ ಶಿಬಿರದ ನಾಟಕಕ್ಕೆ ಸಹಾಯ ಬೇಕು: ಊರು ಬಿಡುವ ಸೆಮಿನೋಲ್ ಹುಡುಗಿಯ ಕೈಯಲ್ಲಿ ಏನಿರಬೇಕು?

ಹಾಸನದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ಏಪ್ರಿಲ್‌ನಲ್ಲಿ ನಮ್ಮ ಬಡಾವಣೆಯ ಮಕ್ಕಳಿಗೆ ಬೇಸಿಗೆ ಶಿಬಿರ ಇದೆ. ಕೊನೆಯ ದಿನ ಮುಕ್ಕಾಲು ಗಂಟೆಯ ನಾಟಕ. ಈ ಸಲ ಅಮೆರಿಕದ ಫ್ಲಾರಿಡಾದಲ್ಲಿದ್ದ ಸೆಮಿನೋಲ್ ಜನರ ಕಥೆ ತೆಗೆದುಕೊಂಡಿದ್ದೇನೆ. ಎರಡು ವರ್ಷದಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1830ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನು ಮಾಡಿತು. ಮಿಸಿಸಿಪ್ಪಿ ನದಿಯ ಪೂರ್ವಕ್ಕಿದ್ದ ಮೂಲನಿವಾಸಿಗಳನ್ನು ನದಿಯ ಆಚೆಗೆ ಸಾಗಿಸುವ ಕಾನೂನು. 1832ರಲ್ಲಿ ಪೇನ್ಸ್ ಲ್ಯಾಂಡಿಂಗ್ ಅನ್ನುವ ಕಡೆ ಸೆಮಿನೋಲ್ ಮುಖಂಡರಿಂದ ಒಪ್ಪಂದಕ್ಕೆ ಗುರುತು ಹಾಕಿಸಿಕೊಂಡರು. ಹೊಸ ಜಾಗ ಹೇಗಿದೆ ಅಂತ ನೋಡಿಬರಲು ಏಳು ಜನ ಮುಖಂಡರು ಹೋದರು. ಅವರು ಅಲ್ಲಿರುವಾಗಲೇ, 1833ರಲ್ಲಿ, ಫೋರ್ಟ್ ಗಿಬ್ಸನ್ ಕೋಟೆಯಲ್ಲಿ ಇನ್ನೊಂದು ಕಾಗದಕ್ಕೂ ಗುರುತು ಬಿತ್ತು. ಊರಿಗೆ ಬಂದ ಮೇಲೆ ಅವರು ನಾವು ಮನಸಾರೆ ಒಪ್ಪಿಲ್ಲ ಅಂದರು. ಯಾರೂ ಕೇಳಲಿಲ್ಲ. 1835ರ ಡಿಸೆಂಬರ್‌ನಲ್ಲಿ ಯುದ್ಧ ಶುರುವಾಯಿತು. 1842ರವರೆಗೂ ನಡೆಯಿತು. ಮಾತುಕತೆಗೆ ಅಂತ ಬಿಳಿ ಬಾವುಟದ ಕೆಳಗೆ ಬಂದಿದ್ದ ಸೆಮಿನೋಲರ ಯುದ್ಧನಾಯಕ ಓಸಿಯೋಲನನ್ನೇ 1837ರ ಅಕ್ಟೋಬರ್‌ನಲ್ಲಿ ಹಿಡಿದು ಹಾಕಿದರು. ಮೂರು ತಿಂಗಳಲ್ಲಿ ಅವನು ಕೋಟೆಯೊಂದರ ಸೆರೆಯಲ್ಲೇ ತೀರಿಕೊಂಡ. ಸಾಯುವಾಗ ಹೆಂಡತಿಯರಿಬ್ಬರೂ ಪುಟ್ಟ ಮಕ್ಕಳೂ ಅದೇ ಕೋಟೆಯೊಳಗೆ ಪಕ್ಕದಲ್ಲಿದ್ದರು.

ನಾನು ಯುದ್ಧ ತೋರಿಸುತ್ತಿಲ್ಲ. ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಂಡಿದ್ದೇನೆ. ಅವಳ ಮನೆಯವರನ್ನು ಟ್ಯಾಂಪಾ ಕೊಲ್ಲಿಯ ಹತ್ತಿರದ ಫೋರ್ಟ್ ಬ್ರೂಕ್‌ಗೆ ತಂದು ಹಡಗು ಹತ್ತಿಸುತ್ತಾರೆ. ಅಲ್ಲಿಗೆ ನಾಟಕ ಮುಗಿಯುತ್ತದೆ.

ಮೊನ್ನೆ ಅಭ್ಯಾಸ ಮಾಡಿಸುವಾಗ ಆ ಪಾತ್ರದ ಹುಡುಗಿ, ಆರನೇ ಕ್ಲಾಸು, ನಿಂತುಬಿಟ್ಟಳು. ಅವಳ ಕೈಗೆ ನಾನು ಬಟ್ಟೆಯ ಗೊಂಬೆ ಕೊಟ್ಟಿದ್ದೆ. "ಮಿಸ್, ಗೊಂಬೆ ಯಾಕೆ? ಸೈನಿಕರು ಬಂದು ನಡೀ ಅಂದ್ರೆ ನಾನು ಗೊಂಬೆ ಹುಡುಕಲ್ಲ. ಅವಳು ನಿಜವಾಗ್ಲೂ ಏನ್ ತಗೊಂಡು ಹೋದ್ಲು?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿದೆ. ಇಸವಿಗಳೆಲ್ಲ ಬಾಯಿಗೆ ಬರುತ್ತವೆ. ಆ ಮಗು ಬೆಳಿಗ್ಗೆ ಎದ್ದು ಏನು ತಿನ್ನುತ್ತಿತ್ತು, ಎಲ್ಲಿ ಮಲಗುತ್ತಿತ್ತು, ಅದು ಹೇಳಲು ಬರಲ್ಲ.

ಬಟ್ಟೆಗೆ ಕಟ್ಟಿನಕೆರೆ ಮಾರ್ಕೆಟ್‌ನಿಂದ ಬಣ್ಣಬಣ್ಣದ ರಿಬ್ಬನ್ ತಂದಿದ್ದೇನೆ. ಸೆಮಿನೋಲ್ ಹೆಂಗಸರ ಫೋಟೋಗಳಲ್ಲಿ ಲಂಗದ ತುಂಬ ಬಣ್ಣದ ಪಟ್ಟಿಗಳಿರುತ್ತವೆ, ಹಾಗೆ ಹೊಲಿಸೋಣ ಅಂತ. ತಪ್ಪಿದ್ದರೆ ಈಗಲೇ ಹೇಳಿ.

ಮೂಡಿಗೆರೆ ಮಳೆ ಉತ್ತರಿಸಿದ್ದು:

ಟೀಚರ್, ರಿಬ್ಬನ್ ಬೇಡ. ಆ ಪಟ್ಟಿ ಹೊಲಿಗೆ ಬಂದದ್ದು ಅವರ ಮನೆಗಳಿಗೆ ಹೊಲಿಗೆ ಮಷೀನ್ ಬಂದ ಮೇಲೆ, ಅಂದರೆ 20ನೇ ಶತಮಾನದ ಶುರುವಿನಲ್ಲಿ. ನಿಮ್ಮ ಹುಡುಗಿಯ ಕಾಲಕ್ಕೂ ಅದಕ್ಕೂ ಮುಕ್ಕಾಲು ಶತಮಾನದ ಅಂತರ. ಹೆಂಗಸರಿಗೆ ಸಾದಾ ಹತ್ತಿಯ ಉದ್ದ ಲಂಗ, ಕೊರಳ ತುಂಬ ಮಣಿಸರ ಸಾಕು. ಗಂಡಸರಿಗೆ ಉದ್ದ ಅಂಗಿ, ತಲೆಗೆ ಶಾಲು ಸುತ್ತಿದ ರುಮಾಲು. ನಮ್ಮ ಅಜ್ಜಂದಿರ ರುಮಾಲೇ ಸಾಕು. ಸಿನಿಮಾದಲ್ಲಿ ಬರುವ ದೊಡ್ಡ ಗರಿ ಕಿರೀಟ, ಚೂಪು ಡೇರೆ, ಇವೆರಡನ್ನೂ ದಯವಿಟ್ಟು ತರಬೇಡಿ. ಅವು ಬೇರೆ ಸೀಮೆಯ ಬೇರೆ ಜನರವು.

ಮನೆಯ ವಿಷಯ. ಅದನ್ನು ಚಿಕ್ಕಿ ಅನ್ನುತ್ತಾರೆ. ಸೈಪ್ರೆಸ್ ಮರದ ಕಂಬ, ಮೇಲೆ ತಾಳೆ ಜಾತಿಯ ಗರಿಯ ಹೊದಿಕೆ, ನೆಲದಿಂದ ಎತ್ತರಿಸಿದ ಹಲಗೆಯ ಅಟ್ಟ. ಗೋಡೆ ಇಲ್ಲ. ನಮ್ಮಲ್ಲಿ ಗದ್ದೆಗೆ ಹಂದಿ ಕಾಯಲು ಅಟ್ಟಣೆ ಕಟ್ಟುತ್ತಾರಲ್ಲ, ಅದನ್ನೇ ಸ್ವಲ್ಪ ದೊಡ್ಡದಾಗಿ ನೆನೆಸಿಕೊಳ್ಳಿ. ಮೊದಲು ಅವರಲ್ಲಿ ಮರದ ದಿಮ್ಮಿಯ ಗಟ್ಟಿ ಮನೆಗಳೂ ಇದ್ದವು. ಸೈನ್ಯ ಬೆನ್ನು ಹತ್ತಿದ ಮೇಲೆ ಚಿಕ್ಕಿಯೇ ಜಾಸ್ತಿಯಾಯಿತು. ಬೇಗ ಕಟ್ಟಬಹುದು, ಬಿಟ್ಟು ಓಡಬಹುದು. ಇದನ್ನು ರಂಗದ ಮೇಲೆ ತೋರಿಸುವುದು ಸುಲಭ. ನಾಲ್ಕು ಕಂಬ, ಮೇಲೆ ಅಡಿಕೆ ಸೋಗೆ.

ಊಟ. ಮುಖ್ಯವಾಗಿ ಜೋಳ, ಅಂದರೆ ಮೆಕ್ಕೆಜೋಳ. ಅದನ್ನು ಕುಟ್ಟಿ ನೀರಲ್ಲಿ ಬೇಯಿಸಿದ ಗಂಜಿಗೆ ಸೋಫ್ಕಿ ಅಂತ ಹೆಸರು. ನಮ್ಮ ಅಂಬಲಿ ಇದ್ದ ಹಾಗೆ. ಒಲೆಯ ಮೇಲೆ ದಿನವಿಡೀ ಇರುತ್ತಿತ್ತು. ಹಸಿವಾದವರು ಹೋಗಿ ಕುಡಿಯುವುದು. ಆ ಮಡಕೆಯಲ್ಲಿ ಮರದ ಒಂದು ದೊಡ್ಡ ಸೌಟು. ಎಲ್ಲರೂ ಅದೇ ಸೌಟಿನಲ್ಲಿ ಕುಡಿಯುತ್ತಿದ್ದರು.

ಸೈನಿಕರು ಊರು ಸುಟ್ಟರು, ಜೋಳದ ಹೊಲ ಹಾಳು ಮಾಡಿದರು, ದನ ಹೊಡೆದುಕೊಂಡು ಹೋದರು. ಸೆಮಿನೋಲರು ದನ ಸಾಕುವುದರಲ್ಲಿ ಪಳಗಿದವರು, ಅದು ನಮ್ಮ ಮಕ್ಕಳಿಗೆ ಗೊತ್ತಾಗಲಿ. ಆಮೇಲೆ ಉಳಿದದ್ದು ಕಾಡಿನ ಕುಂಟಿ ಗೆಡ್ಡೆ. ಅದರಲ್ಲಿ ವಿಷ ಇದೆ. ಜಜ್ಜಿ, ನೀರಲ್ಲಿ ನೆನೆಸಿ, ಮತ್ತೆ ಮತ್ತೆ ತೊಳೆದು, ತಳದಲ್ಲಿ ನಿಂತ ಹಿಟ್ಟನ್ನು ಒಣಗಿಸಬೇಕು. ನಮ್ಮ ಅಜ್ಜಿ ಬರಗಾಲದ ವರ್ಷ ಬೈನೆ ಮರದ ತಿರುಳು ಕುಟ್ಟಿ ಹಿಟ್ಟು ತೆಗೆದ ಕಥೆ ಹೇಳುತ್ತಿದ್ದರು. ತೊಳೆದ ನೀರು ತಿಳಿಯಾಗುವವರೆಗೂ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲವಂತೆ. ಕುಂಟಿ ಬಗ್ಗೆ ಓದಿದಾಗ ನನಗೆ ಕಂಡದ್ದು ಅಜ್ಜಿಯ ಕೈ. ಅಡಗಿಕೊಂಡ ತಾಯಿ ಇಷ್ಟೆಲ್ಲ ಕೆಲಸವನ್ನು ಸದ್ದಿಲ್ಲದೆ, ಹೊಗೆ ಮೇಲೇಳದಂತೆ ಮಾಡಬೇಕಿತ್ತು ಅಲ್ವಾ.

ಸದ್ದು ಮಾಡದೇ ಇರುವುದನ್ನೇ ನಿಮ್ಮ ನಾಟಕದ ಮುಖ್ಯ ವಿಷಯ ಮಾಡಿ ಅಂತ ನನ್ನ ಆಸೆ. ದಕ್ಷಿಣ ಫ್ಲಾರಿಡಾದ ಎವರ್‌ಗ್ಲೇಡ್ಸ್ ಅಂದರೆ ಮೈಲುಗಟ್ಟಲೆ ನೀರು, ನೀರಿನೊಳಗೆ ಆಳೆತ್ತರದ ಹುಲ್ಲು. ಕಬ್ಬಿನ ಗರಿ ಕೊಯ್ಯುವ ಹಾಗೆ ಆ ಹುಲ್ಲು ಮೈ ಕೊಯ್ಯುತ್ತದೆ. ಮಧ್ಯೆ ಮಧ್ಯೆ ಮರ ಬೆಳೆದ ದಿಬ್ಬಗಳು. ಮನೆಮಂದಿಯೆಲ್ಲ ಅಲ್ಲಿ ಅಡಗಿರುತ್ತಿದ್ದರು. ಸೊಳ್ಳೆ ಕಚ್ಚಿದರೂ ಅಳಬಾರದು, ಕೆಮ್ಮು ಬಂದರೆ ನುಂಗಬೇಕು. ಒಂಬತ್ತು ವರ್ಷದವಳು ತನ್ನ ತಮ್ಮನ ಬಾಯಿ ಮುಚ್ಚಿ ಹಿಡಿದು ಕೂತಿದ್ದಾಳೆ. ಅದಕ್ಕೆ ಒಂದು ಮಾತೂ ಬೇಡ.

ಇನ್ನೊಂದು. ಅವರಲ್ಲಿ ಬಳಿ, ಅಂದರೆ ಕುಲ, ತಾಯಿಯ ಕಡೆಯಿಂದ ಬರುತ್ತದೆ. ಕರಡಿ ಬಳಿ, ಗಾಳಿ ಬಳಿ, ಹಕ್ಕಿ ಬಳಿ ಹೀಗೆ. ದಕ್ಷಿಣ ಕನ್ನಡದ ಅಳಿಯಸಂತಾನ ಗೊತ್ತಿರುವವರಿಗೆ ಬೇಗ ಅರ್ಥವಾಗುತ್ತದೆ. ಹುಡುಗರಿಗೆ ಬುದ್ಧಿ ಹೇಳುವುದು, ಬೇಟೆ ಕಲಿಸುವುದು ಸೋದರಮಾವ. ಹೊಸ ಜೋಳದ ಹಬ್ಬದಲ್ಲಿ ಬೆಳೆದ ಹುಡುಗರಿಗೆ ಹೊಸ ಹೆಸರು ಇಡುತ್ತಾರೆ. ನಿಮ್ಮ ಹುಡುಗಿಗೆ ಒಬ್ಬ ಅಣ್ಣನನ್ನು ಕೊಡಿ. ಮುಂದಿನ ಹಬ್ಬಕ್ಕೆ ಅವನಿಗೆ ದೊಡ್ಡ ಹೆಸರು ಸಿಗಬೇಕಿತ್ತು. ಹಡಗು ಹತ್ತುವಾಗ ಇನ್ನೂ ಚಿಕ್ಕ ಹೆಸರಿನಲ್ಲೇ ಇದ್ದಾನೆ.

ಸಂತೆಪೇಟೆ ಓದುಗ ಉತ್ತರಿಸಿದ್ದು:

ತಪ್ಪು ತಿಳಿಯಬೇಡಿ ಟೀಚರ್. ನಮ್ಮ ಜಿಲ್ಲೆಯಲ್ಲೇ ಹೇಮಾವತಿ ಮುಳುಗಡೆ ಆಗಿದೆ. ಗೊರೂರು ಅಣೆಕಟ್ಟಿಗೆ ಎಷ್ಟು ಊರು ಹೋದವು. ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಇಗರ್ಜಿ ನೀರಲ್ಲಿ ನಿಂತಿರುವುದನ್ನು ಫೋಟೋ ಹೊಡೆಯಲು ಎಲ್ಲರೂ ಹೋಗುತ್ತಾರೆ. ಅದರ ಸುತ್ತ ಇದ್ದ ಮನೆಗಳ ಬಗ್ಗೆ ಯಾರೂ ಕೇಳಲ್ಲ. ನಮ್ಮ ಮಕ್ಕಳಿಗೆ ಆ ನಾಟಕ ಮಾಡಿಸಬಹುದಲ್ಲ, ಫ್ಲಾರಿಡಾ ಯಾಕೆ?

ಹಿನ್ನೀರಿನವಳು ಉತ್ತರಿಸಿದ್ದು:

ನಾನು ಆ ಮುಳುಗಡೆಯವಳೇ. ಹಾಗಾಗಿ ಬರೆಯುತ್ತಿದ್ದೇನೆ.

1979ರಲ್ಲಿ ಅಣೆಕಟ್ಟು ಮುಗಿಯಿತು. ನಾವು ಊರು ಬಿಟ್ಟದ್ದು ಅದಕ್ಕಿಂತ ಸ್ವಲ್ಪ ಮೊದಲು. ನನಗೆ ಎಂಟು ವರ್ಷ. ಮನೆಗೆ ಬಂದ ಗುಮಾಸ್ತರು ಎಲ್ಲ ಲೆಕ್ಕ ಬರೆದುಕೊಂಡು ಹೋಗಿದ್ದರು. ತೆಂಗಿನ ಮರ ಇಷ್ಟು, ಹಲಸು ಇಷ್ಟು, ಬಾವಿ ಒಂದು. ಹಲಸಿನ ಮರಕ್ಕೆ ಬರೆದ ನಂಬರ್ ನನಗೆ ಇವತ್ತಿಗೂ ನೆನಪಿದೆ, 41. ಮರಕ್ಕೆ ಯಾಕೆ ನಂಬರ್ ಅಂತ ಅಪ್ಪನನ್ನು ಕೇಳಿದೆ. ಅಪ್ಪ ಹೇಳಲಿಲ್ಲ.

ನಮ್ಮ ಅಡುಗೆಮನೆಯ ನೆಲದಲ್ಲಿ ಒರಳುಕಲ್ಲು ಹೂತಿತ್ತು. ಅಜ್ಜಿಯ ಕಾಲದ್ದು. ಅದನ್ನು ಕೀಳಬೇಕು ಅಂತ ಅಮ್ಮ, ಕಿತ್ತರೆ ಒಡೆಯುತ್ತೆ ಅಂತ ಅಪ್ಪ. ಹೊರಡುವ ದಿನ ಬೆಳಿಗ್ಗೆ ಅಮ್ಮ ಅದರಲ್ಲೇ ಚಟ್ನಿ ರುಬ್ಬಿದಳು. ಬುತ್ತಿ ಕಟ್ಟಿದಳು. ಆಮೇಲೆ ಒರಳು ತೊಳೆದು, ಒರೆಸಿ, ಅರಿಶಿನ ಕುಂಕುಮ ಇಟ್ಟಳು. ಗುಂಡುಕಲ್ಲನ್ನು ಮಾತ್ರ ಗಾಡಿಗೆ ಹಾಕಿಕೊಂಡಳು. ಒರಳಿಲ್ಲದ ಗುಂಡುಕಲ್ಲು ನಮ್ಮ ಹೊಸ ಮನೆಯ ಜಗಲಿಯ ಮೂಲೆಯಲ್ಲಿ ಇಪ್ಪತ್ತು ವರ್ಷ ಸುಮ್ನೆ ಕೂತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ ಟೀಚರ್. ನಿಮ್ಮ ಹುಡುಗಿ ಕೇಳಿದ್ದು ಸರಿಯಾಗಿದೆ. ನಾನು ಏನೂ ಆರಿಸಿಕೊಳ್ಳಲಿಲ್ಲ. ಗಾಡಿ ಹೊರಡುವಾಗ ಅಮ್ಮ ನನ್ನ ಕೈಗೆ ಮಜ್ಜಿಗೆ ಕಡೆಯುವ ಕಡೆಗೋಲು ಕೊಟ್ಟು, "ಇದನ್ನ ಹಿಡ್ಕೊ, ಬೀಳಿಸಬೇಡ" ಅಂದಳು. ಅಷ್ಟೇ. ದಾರಿಯುದ್ದಕ್ಕೂ ನನಗೆ ಇದ್ದದ್ದು ಒಂದೇ ಚಿಂತೆ, ಕಡೆಗೋಲು ಬೀಳಬಾರದು. ಹಿಂತಿರುಗಿ ಊರು ನೋಡಿದೆನೋ ಇಲ್ಲವೋ ನೆನಪಿಲ್ಲ. ದೊಡ್ಡವಳಾದ ಮೇಲೆ ಹೊಳೆಯಿತು, ಅಮ್ಮ ಅದನ್ನು ಬೇಕಂತಲೇ ಕೊಟ್ಟಿದ್ದಳು. ಮಗು ತಾನಾಗಿ ಏನನ್ನೂ ತಗೊಂಡು ಹೋಗಲ್ಲ. ಅಮ್ಮ ಕೈಗೆ ಕೊಟ್ಟಿದ್ದನ್ನು ಹಿಡ್ಕೊಂಡು ಹೋಗುತ್ತೆ.

ನಮ್ಮ ಕೆಂದ ಹಸು ಎರಡು ಸಲ ಹಗ್ಗ ಕಿತ್ತುಕೊಂಡು ಹಳೇ ಊರಿಗೆ ಹೋಗಿ ಖಾಲಿ ಕೊಟ್ಟಿಗೆಯಲ್ಲಿ ನಿಂತಿತ್ತು. ಆ ಸೆಮಿನೋಲರ ಒಪ್ಪಂದದಲ್ಲೂ ದನಕ್ಕೆ ಬೆಲೆ ಕಟ್ಟುವ ಮಾತು ಇತ್ತು ಅಂತ ಓದಿದ್ದೇನೆ. ಅಲ್ಲಿನ ಮಕ್ಕಳೂ ತಮ್ಮ ದನವನ್ನು ಯಾರೋ ಎಣಿಸುವುದನ್ನು ನೋಡಿರಬೇಕು.

ಮೇಲೆ ಕೇಳಿದವರಿಗೆ ಒಂದು ಮಾತು. ನಮ್ಮದನ್ನೂ ಮಾಡಿಸಲಿ, ಖಂಡಿತ. ನಾನೇ ಬಂದು ಕಥೆ ಹೇಳುತ್ತೇನೆ. ಆದರೆ ಎರಡೂ ಒಂದೇ ಅಲ್ಲ. ನಮ್ಮನ್ನು ಬಂದೂಕು ತೋರಿಸಿ ಕಳಿಸಲಿಲ್ಲ. ನಮಗೆ ಪರಿಹಾರ ಬಂತು. ತಡವಾಗಿ ಬಂತು, ಅಪ್ಪ ಒಂದು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ, ಆದರೂ ಬಂತು. ಹೊಸ ಜಾಗದಲ್ಲೂ ಕನ್ನಡವೇ, ರಾಗಿಯೇ, ಅದೇ ಮಳೆ. ಆ ಹುಡುಗಿಗೆ ನೆಲವೂ ಬೇರೆ, ಚಳಿಯೂ ಬೇರೆ, ಸುತ್ತ ಇದ್ದವರೂ ಬೇರೆ. ನಮ್ಮದರಂತೆಯೇ ಅಂತ ಹೇಳಿ ಅವಳ ಕಷ್ಟವನ್ನು ಚಿಕ್ಕದು ಮಾಡಲು ನನಗೆ ಮನಸ್ಸಿಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ ಹೋಗುತ್ತೇನೆ. ಹೋದ ವರ್ಷ ಒರಳು ಕಂಡಿತು. ಬಾಯಿ ತುಂಬ ಕೆಸರು. ಒಂದು ಕಡ್ಡಿಯಿಂದ ಕೆಸರು ತೆಗೆದು ನೀರು ಹಾಕಿ ತೊಳೆದೆ. ಜೂನ್‌ನಲ್ಲಿ ಮತ್ತೆ ಮುಳುಗುತ್ತೆ ಅಂತ ಗೊತ್ತಿತ್ತು.

ಟ್ಯಾಂಪಾದಲ್ಲಿರುವ ಚಿಕ್ಕಮಗಳೂರಿನವನು ಉತ್ತರಿಸಿದ್ದು:

ಅಮ್ಮಾ, ನೀವು ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಕೆಲಸ ಮಾಡುವ ಊರು ಟ್ಯಾಂಪಾ. ಆಗ ಫೋರ್ಟ್ ಬ್ರೂಕ್ ಇದ್ದ ಜಾಗ ಈಗ ನಗರದ ನಡುಮಧ್ಯೆ, ದೊಡ್ಡ ಕಟ್ಟಡಗಳ ಕೆಳಗೆ. ಟೀಚರ್, ನಿಮ್ಮ ಹಡಗಿನ ದಾರಿ ಹೀಗಿತ್ತು. ಟ್ಯಾಂಪಾ ಕೊಲ್ಲಿಯಿಂದ ಸಮುದ್ರದ ಮೇಲೆ ನ್ಯೂ ಆರ್ಲಿಯನ್ಸ್. ಅಲ್ಲಿ ಕೋಟೆಗಳಲ್ಲಿ ಕೂಡಿ ಹಾಕುತ್ತಿದ್ದರು. ಫೋರ್ಟ್ ಪೈಕ್ ಅಂತ ಒಂದು, ಅದರ ಇಟ್ಟಿಗೆ ಗೋಡೆ ಇನ್ನೂ ಇದೆ. ಅಲ್ಲಿಂದ ಉಗಿದೋಣಿಯಲ್ಲಿ ಮಿಸಿಸಿಪ್ಪಿ, ಆಮೇಲೆ ಅರ್ಕಾನ್ಸಾ ನದಿ ಹಿಡಿದು ಮೇಲೆ, ಈಗಿನ ಓಕ್ಲಹೋಮಾದವರೆಗೆ. 1836ರಲ್ಲಿ ಹೊರಟ ಮೊದಲ ದೊಡ್ಡ ಗುಂಪಿನಲ್ಲಿ 400ರಷ್ಟು ಜನ ಇದ್ದರು. ಕಾಯಿಲೆಯಿಂದ ದಾರಿಯಲ್ಲೇ ಎಷ್ಟೋ ಜನ ಹೋದರು. ಕಣ್ಣೀರಿನ ಹಾದಿ ಅಂತ ನಾವು ಕೇಳಿರುವುದು ಹೆಚ್ಚಾಗಿ ಚೆರೋಕಿ ಜನರ ಕಥೆ, ಅದು ನಡೆದ ದಾರಿ. ಇವರದು ಬಹುಪಾಲು ನೀರಿನ ದಾರಿ. ಹಾಗಾಗಿ ಮಕ್ಕಳನ್ನು ಸಾಲಾಗಿ ನಡೆಸಿ ತೋರಿಸಬೇಡಿ. ಇಕ್ಕಟ್ಟಾಗಿ ಕೂರಿಸಿ.

ಇನ್ನೊಂದು ಮಗುವನ್ನು ದಯವಿಟ್ಟು ಸೇರಿಸಿ. ಸೆಮಿನೋಲರ ಜೊತೆ ಕಪ್ಪು ಜನರೂ ಬಾಳುತ್ತಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು, ಅವರ ಮಕ್ಕಳು. ಒಟ್ಟಿಗೆ ಬೇಸಾಯ, ಒಟ್ಟಿಗೆ ಯುದ್ಧ. ಹಡಗಿನಿಂದ ಇಳಿದ ಮೇಲೆ ಇವರು ನಮ್ಮ ಗುಲಾಮರು ಅಂತ ಹೇಳಿಕೊಂಡು ಬಿಳಿಯರು ಬರುತ್ತಿದ್ದರು. ನಿಮ್ಮ ಹುಡುಗಿಗೆ ಅಂಥ ಒಬ್ಬಳು ಗೆಳತಿ ಇರಲಿ. ನ್ಯೂ ಆರ್ಲಿಯನ್ಸ್‌ನಲ್ಲಿ ಇಬ್ಬರೂ ಬೇರೆಯಾಗುವ ಭಯ, ಅದು ಊರು ಬಿಟ್ಟದ್ದಕ್ಕಿಂತ ದೊಡ್ಡ ಭಯ ಅಂತ ನನಗನಿಸುತ್ತೆ.

ಹಡಗು ಹೊರಟಲ್ಲಿಗೆ ನಾಟಕ ಮುಗಿಸುತ್ತೇನೆ ಅಂದಿರಿ. ಅದೊಂದನ್ನು ಬದಲಾಯಿಸಿ ಅಂತ ಕೈಮುಗಿದು ಕೇಳುತ್ತೇನೆ. ಯಾಕೆ ಹೇಳ್ತೀನಿ. ಕೊಲ್ಲಿಯ ಬಾಯಿಯಲ್ಲಿ ಎಗ್ಮಾಂಟ್ ಕೀ ಅಂತ ಚಿಕ್ಕ ದ್ವೀಪ ಇದೆ. ನಾನು ಮಗನನ್ನು ಕರೆದುಕೊಂಡು ಹೋಗಿದ್ದೆ. ದೀಪಸ್ತಂಭ, ಮರಳು, ಆಮೆಗಳು. ಜನ ಈಜಲು ಬರುತ್ತಾರೆ. ಸೆಮಿನೋಲರ ಮೂರನೇ ಯುದ್ಧದ ಕಾಲದಲ್ಲಿ (ಟೀಚರ್ ಹೇಳಿದ್ದು ಎರಡನೆಯದು), 1857–58ರಲ್ಲಿ, ಸೆರೆ ಸಿಕ್ಕ ಸೆಮಿನೋಲರನ್ನು ಅಲ್ಲಿ ಇಟ್ಟಿದ್ದರು. ಹೆಂಗಸರು, ಮಕ್ಕಳು. ಸುತ್ತ ಸಮುದ್ರ, ಓಡಿಹೋಗಲು ದಾರಿಯಿಲ್ಲ. 1858ರ ಮೇ ತಿಂಗಳಲ್ಲಿ ಗ್ರೇ ಕ್ಲೌಡ್ ಅನ್ನುವ ಹಡಗು ಅವರನ್ನು ಹೊತ್ತು ಹೊರಟಿತು. ಸೇಂಟ್ ಮಾರ್ಕ್ಸ್ ಅನ್ನುವ ಕಡೆ ಸೌದೆಗೆ ನಿಂತಿತು. ಎಮತೆಲೋಯಿ ಅಂತ ಒಬ್ಬ ಹೆಣ್ಣುಮಗಳು, ಪಾಲಿ ಪಾರ್ಕರ್ ಅಂತಲೂ ಕರೆಯುತ್ತಾರೆ, ಔಷಧಿ ಸೊಪ್ಪು ಕಿತ್ತುಕೊಂಡು ಬರುತ್ತೇವೆ ಅಂತ ಕೇಳಿ ಕೆಲವರ ಜೊತೆ ದಡಕ್ಕೆ ಇಳಿದಳು. ಇಳಿದವಳು ಓಡಿದಳು. ನೂರಾರು ಮೈಲಿ ಕಾಡು, ಜೌಗು ದಾಟಿ ಓಕಿಚೋಬಿ ಸರೋವರದ ಸೀಮೆಗೆ, ತನ್ನ ಜಾಗಕ್ಕೆ ವಾಪಸ್ ಬಂದಳು. ಈಗಿನ ಸೆಮಿನೋಲ್ ಮುಖಂಡರಲ್ಲಿ ಹಲವರು ಅವಳ ಸಂತಾನ.

ಹೀಗೆ ತಪ್ಪಿಸಿಕೊಂಡು ಉಳಿದವರು ಕೆಲವೇ ನೂರು ಜನ. ಅವರು ಶರಣಾಗತಿಗೆ ಯಾವತ್ತೂ ಸಹಿ ಹಾಕಲಿಲ್ಲ. ಅವರ ಮಕ್ಕಳ ಮಕ್ಕಳು 1957ರಲ್ಲಿ ಫ್ಲಾರಿಡಾದ ಸೆಮಿನೋಲ್ ಬುಡಕಟ್ಟು ಅಂತ ಸರ್ಕಾರದ ಮಾನ್ಯತೆ ಪಡೆದರು. ಓಕ್ಲಹೋಮಾಗೆ ಹೋದವರೂ ಅಲ್ಲಿ ತಮ್ಮದೇ ಆಡಳಿತ ಇಟ್ಟುಕೊಂಡಿದ್ದಾರೆ. ಇಲ್ಲಿ ಫ್ಲಾರಿಡಾದ ಬಿಗ್ ಸೈಪ್ರೆಸ್‌ನಲ್ಲಿ ಅಹ್-ತಾ-ತಿ-ಕಿ ಅನ್ನುವ ಸೆಮಿನೋಲರದೇ ವಸ್ತುಸಂಗ್ರಹಾಲಯ ಇದೆ. ಕಲಿಯುವ ಜಾಗ, ನೆನೆಯುವ ಜಾಗ ಅಂತ ಅರ್ಥ. ಹಾಗಾಗಿ ನಿಮ್ಮ ಮಕ್ಕಳು "ಪಾಪ, ಅವರು ಇದ್ದರಂತೆ" ಅಂತ ಮನೆಗೆ ಹೋಗಬಾರದು. ಅವರು ಇದ್ದಾರೆ.

ಹಾಸನದ ಟೀಚರ್ ಮತ್ತೆ ಬರೆದದ್ದು:

ಎಲ್ಲರಿಗೂ ಏನು ಹೇಳಲಿ. ರಿಬ್ಬನ್ ಅಂಗಡಿಗೆ ವಾಪಸ್ ಹೋಯಿತು. ಗೊಂಬೆಯೂ ಹೋಯಿತು.

ನಾಟಕ ಈಗ ಚಿಕ್ಕಿಯ ಕೆಳಗೆ ಶುರುವಾಗುತ್ತೆ. ಮಡಕೆಯಲ್ಲಿ ಸೋಫ್ಕಿ, ಎಲ್ಲರೂ ಒಂದೇ ಸೌಟಿನಲ್ಲಿ ಕುಡಿಯುತ್ತಾರೆ. ಅಣ್ಣ ಬರುವ ಹಬ್ಬದಲ್ಲಿ ತನಗೆ ಏನು ಹೆಸರು ಬರಬಹುದು ಅಂತ ಗೆಳತಿಯ ಹತ್ತಿರ ಕೇಳುತ್ತಾನೆ. ಆಮೇಲೆ ಹುಲ್ಲಿನ ನಡುವಿನ ದೃಶ್ಯ, ಪೂರ್ತಿ ಮೌನ. ನಾಲ್ಕು ನಿಮಿಷ ಮಕ್ಕಳು ಸುಮ್ಮನೆ ಕೂರುತ್ತಾರಾ ಅಂತ ನನಗೆ ಅನುಮಾನ ಇತ್ತು. ಕೂತರು. ಚಿಕ್ಕವನೊಬ್ಬ ಉಸಿರೂ ಬಿಗಿಹಿಡಿದುಬಿಟ್ಟ, ಉಸಿರಾಡು ಮಗಾ ಅಂತ ನಾನೇ ಹೇಳಬೇಕಾಯಿತು.

ಹಿನ್ನೀರಿನ ಅಕ್ಕ, ನಿಮ್ಮ ಕಡೆಗೋಲಿನ ಮಾತನ್ನು ಆ ಹುಡುಗಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ಅಮ್ಮ ಸೌಟು ಕೊಟ್ಟಿರ್ತಾಳೆ ಮಿಸ್. ಮಡಕೆ ಹೊರಕ್ಕಾಗಲ್ಲ, ಬಿಸಿ ಇರುತ್ತೆ" ಅಂದಳು. ನಿನ್ನೆ ಅಭ್ಯಾಸದಲ್ಲಿ ಅಮ್ಮನ ಪಾತ್ರದವಳು ಮಡಕೆಯಿಂದ ಸೌಟು ತೆಗೆದು, ಸೆರಗಿನಿಂದ ಒರೆಸಿ, ಇವಳ ಕೈಗೆ ಕೊಟ್ಟಳು. ನಾನು ಹೇಳಿಕೊಟ್ಟಿರಲಿಲ್ಲ, ಒರೆಸುವುದು ಅವಳಾಗಿಯೇ ಮಾಡಿದ್ದು. ಇವಳು ಅದನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ಹಡಗಿಗೆ ನಡೆದಳು. ಅಳಲಿಲ್ಲ. ಕಣ್ಣು ಸೌಟಿನ ಮೇಲೇ ಇತ್ತು.

ಕೊನೆಯಲ್ಲಿ ಹಡಗು ಸೌದೆಗೆ ನಿಲ್ಲುತ್ತೆ. ಇಸವಿಗಳು ಬೇರೆ ಬೇರೆ ಅಂತ ಗೊತ್ತು. ಹಾಗಾಗಿ ಅಲ್ಲಿ ಒಬ್ಬಳು ಅಜ್ಜಿ ಎದ್ದು ನಿಂತು, ಇದು ನಡೆದು ಇಪ್ಪತ್ತು ವರ್ಷದ ಮೇಲೆ ಇನ್ನೊಂದು ಹಡಗಿನಲ್ಲಿ ಏನಾಯಿತು ಗೊತ್ತಾ ಅಂತ ಎಮತೆಲೋಯಿಯ ಕಥೆ ಹೇಳುತ್ತಾಳೆ. ಅಕ್ಕ, ಆ ಅಜ್ಜಿಯ ಪಾತ್ರಕ್ಕೆ ನೀವೇ ಬರುತ್ತೀರಾ? ಕಥೆ ಹೇಳುತ್ತೇನೆ ಅಂದಿದ್ದೀರಲ್ಲ. ನಾನೇ ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ.

ಈಗ ಸ್ಟೀಲ್ ಸೌಟು ಇಟ್ಟುಕೊಂಡು ಅಭ್ಯಾಸ ನಡೆಯುತ್ತಿದೆ. ಹಾಸನದಲ್ಲಾಗಲಿ ಬೇಲೂರಿನಲ್ಲಾಗಲಿ ಮರದ ದೊಡ್ಡ ಸೌಟು ಕೆತ್ತಿಕೊಡುವ ಆಚಾರ್ರು ಯಾರಾದರೂ ಗೊತ್ತಿದ್ದರೆ ತಿಳಿಸಿ. ಎರಡು ಅಡಿ ಉದ್ದ ಇದ್ದರೆ ಸಾಕು. ಹಲಸಿನ ಮರದ್ದಾದರೆ ಇನ್ನೂ ಒಳ್ಳೆಯದು.